ಕೆರೆ ಹೂಳೆತ್ತಿದರೆ ಕಾವೇರಿ ಬೇಡವೇ?

ಬೇಸಿಗೆ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. 'ಬೆಂಗಳೂರು ಜಲಮಂಡಳಿಯ ಇತಿಹಾಸ ತಿಳಿಸಿ' ಎಂದು ಶುರುವಾಗಿ, ಕೊನೆಗೆ ನನಗೇ ಪಾಠ ಹೇಳಿ ಮುಗಿಯುತ್ತದೆ. ಈ ಸಲ ಪದೇ ಪದೇ ಬರುವ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟೇ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು, ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್.

ಪ್ರಶ್ನೆ: ಕಾವೇರಿಯನ್ನು ಬೆಂಗಳೂರಿಗೆ ತಂದವರು ಸರ್ ಎಂ. ವಿಶ್ವೇಶ್ವರಯ್ಯನವರೇ ಅಲ್ವಾ?

ಅಲ್ಲ. ಅವರು ತೀರಿಕೊಂಡದ್ದು 1962ರಲ್ಲಿ. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಹೆಸರಘಟ್ಟ ಜಲಾಶಯವೂ ಅವರದಲ್ಲ. ಅದು ಕಟ್ಟುವಾಗ ಅವರು ಮುಂಬೈ ಪ್ರಾಂತ್ಯದ ಸೇವೆಯಲ್ಲಿದ್ದರು. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಕಾರಣವಾದ ಸಮಿತಿಯ ಅಧ್ಯಕ್ಷತೆ ಮಾತ್ರ ಅವರದು. ಅವರ ಹೆಸರು ದೊಡ್ಡದಾಗಲು ಇಲ್ಲದ್ದನ್ನು ಸೇರಿಸುವ ಅಗತ್ಯವಿಲ್ಲ.

ಪ್ರಶ್ನೆ: ಕೆಂಪೇಗೌಡರ ಕಾಲದ ಕೆರೆಗಳು ಊರಿಗೆಲ್ಲ ನೀರು ಕೊಡುತ್ತಿದ್ದವು. ಆಮೇಲೆ ಅರ್ಕಾವತಿ ನದಿ ಇತ್ತು. ಅವನ್ನೆಲ್ಲ ಹಾಳು ಮಾಡಿ 100 ಕಿಲೋಮೀಟರ್ ದೂರದಿಂದ ಕಾವೇರಿ ತರುವುದು ಗುತ್ತಿಗೆದಾರರಿಗಾಗಿ ಅಲ್ಲವೇ? ಕೆರೆಗಳ ಹೂಳೆತ್ತಿ, ಅರ್ಕಾವತಿಗೆ ಮತ್ತೆ ಜೀವ ಕೊಟ್ಟರೆ ಜಲಮಂಡಳಿಯೇ ಬೇಕಿಲ್ಲ ಅಂತಾರಲ್ಲ, ನಿಮ್ಮ ಅಭಿಪ್ರಾಯ?

ಹೀಗೆ ಹೇಳುವವರು ಲೆಕ್ಕ ಹಾಕುವುದಿಲ್ಲ. ಅದೇ ನನ್ನ ಸಿಟ್ಟು. ಅವರ ಕಳಕಳಿಯ ಬಗ್ಗೆ ನನಗೆ ತಕರಾರಿಲ್ಲ.

ಮೊದಲು ಕೆರೆಯ ವಿಷಯ. ಬೆಂಗಳೂರಿನ ಹಳೆಯ ಕೆರೆಗಳಲ್ಲಿ ಹೆಚ್ಚಿನವು ಕಟ್ಟಿದ್ದು ಬೇಸಾಯಕ್ಕೆ. ತೂಬು, ಕೋಡಿ, ಅಚ್ಚುಕಟ್ಟು ಎಲ್ಲ ಇದ್ದದ್ದು ಗದ್ದೆ ತೋಟಗಳಿಗಾಗಿ. ಜನ ಕುಡಿಯುತ್ತಿದ್ದದ್ದು ಬಹುಪಾಲು ಬಾವಿ ನೀರು. ಕೆರೆ ತುಂಬಿದ್ದರೆ ಸುತ್ತಲ ಬಾವಿಗಳಲ್ಲಿ ಸೆಲೆ ಇರುತ್ತಿತ್ತು. ಪೇಟೆಗೆ ಧರ್ಮಾಂಬುಧಿ, ದಂಡಿನ (ಕಂಟೋನ್ಮೆಂಟ್) ಕಡೆಗೆ ಹಲಸೂರು, ಸಂಪಂಗಿ, ಮಿಲ್ಲರ್ಸ್ ಕೆರೆಗಳು ನೀರು ಕೊಟ್ಟದ್ದು ನಿಜ. ಸ್ಯಾಂಕಿ ಕೆರೆ ಕಟ್ಟಿದ್ದು 1882ರಲ್ಲಿ, ಕೆಂಪೇಗೌಡರ ಕಾಲದಲ್ಲಲ್ಲ. ಇವುಗಳಿಂದ ಸಾಕಾಗುತ್ತಿತ್ತೇ? ಇಲ್ಲ. 1870ರ ದಶಕದ ದೊಡ್ಡ ಬರ ಅದನ್ನು ತೋರಿಸಿಕೊಟ್ಟಿತು. ಆಗ ಪೇಟೆ ಮತ್ತು ದಂಡು ಎರಡೂ ಸೇರಿ ಜನಸಂಖ್ಯೆ ಎರಡು ಲಕ್ಷವೂ ಇರಲಿಲ್ಲ. ಎರಡು ಲಕ್ಷ ಜನಕ್ಕೆ ಸಾಲದ ಕೆರೆಗಳು ಇವತ್ತಿನ ಊರಿಗೆ ಸಾಕು ಅನ್ನುವುದು ಹೇಗೆ?

ಇನ್ನೊಂದು ಮಾತು. ಬೆಂಗಳೂರು ನದಿ ದಡದ ಊರಲ್ಲ, ದಿಬ್ಬದ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಇನ್ನೊಂದು ಕಡೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೆಳಗಿನ ನೀರನ್ನು ಮೇಲಕ್ಕೆ ಎತ್ತದೆ ಈ ಊರಿಗೆ ಗತಿಯಿಲ್ಲ. ಈ ಕಥೆ ಕಾವೇರಿಯಿಂದ ಶುರುವಾದದ್ದೂ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಮಾಡಿದರು. ಅಲ್ಲಿಂದ ಇಟ್ಟಿಗೆ ಕಾಲುವೆಯಲ್ಲಿ ನೀರು ಸೋಲದೇವನಹಳ್ಳಿಗೆ ಬರಬೇಕು. ಅಲ್ಲಿ ಉಗಿ ಯಂತ್ರ ಅದನ್ನು ಮೇಲಕ್ಕೆ ದೂಡಬೇಕು. ಆಮೇಲೆ ಮಲ್ಲೇಶ್ವರ, ಆಮೇಲೆ ಪೇಟೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಬೀದಿಗೆ ಕರೆಂಟ್ ಬರುವ ಮೊದಲೇ ಈ ಊರು ನೀರೆತ್ತಲು ಇಂಧನ ಸುಡುತ್ತಿತ್ತು.

ಹೆಸರಘಟ್ಟ ತುಂಬಿದರೆ ಮೂರು ವರ್ಷಕ್ಕೆ ಸಾಕು ಎಂಬುದು ಆಗಿನ ಲೆಕ್ಕ. 1920ರ ದಶಕದ ಬರದಲ್ಲಿ ಆ ಲೆಕ್ಕ ಕೈಕೊಟ್ಟಿತು. ಅದಕ್ಕೇ ವಿಶ್ವೇಶ್ವರಯ್ಯನವರ ಸಮಿತಿ, ಅದಕ್ಕೇ ತಿಪ್ಪಗೊಂಡನಹಳ್ಳಿ. ಅರ್ಕಾವತಿಗೆ ಕುಮುದ್ವತಿ ಸೇರುವ ಜಾಗದಲ್ಲಿ 1933ರಲ್ಲಿ ಚಾಮರಾಜಸಾಗರ ಎಂಬ ಆ ಜಲಾಶಯ ಸಿದ್ಧವಾಯಿತು. ಒಟ್ಟು ಸಾಮರ್ಥ್ಯ ಸುಮಾರು 3.3 ಟಿಎಂಸಿ. ಅದೂ ತಗ್ಗಿನಲ್ಲಿದೆ, ಅಲ್ಲಿಂದಲೂ ಪಂಪ್ ಮಾಡಿಯೇ ತರಬೇಕು.

ಈಗ ಲೆಕ್ಕ. 1 ಟಿಎಂಸಿ ನೀರನ್ನು ವರ್ಷವಿಡೀ ಹಂಚಿದರೆ ದಿನಕ್ಕೆ ಹೆಚ್ಚುಕಡಿಮೆ 78 ಎಂಎಲ್‌ಡಿ. ತಿಪ್ಪಗೊಂಡನಹಳ್ಳಿ ಪ್ರತಿ ವರ್ಷ ತುಂಬಿತು, ಒಂದು ಹನಿಯೂ ಆವಿಯಾಗಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಸಿಗುವುದು ಸುಮಾರು 256 ಎಂಎಲ್‌ಡಿ. 2011ರ ಜನಗಣತಿಯಲ್ಲಿ ಊರಿನ ಜನ 84 ಲಕ್ಷ. ತಲೆಗೆ 135 ಲೀಟರ್ ಅಂದರೂ ಬೇಕಾದದ್ದು 1,134 ಎಂಎಲ್‌ಡಿ. ಕಾಲುಭಾಗವೂ ಆಗಲಿಲ್ಲ. ಅದೂ ಹದಿನೈದು ವರ್ಷದಷ್ಟು ಹಳೆಯ ಜನಸಂಖ್ಯೆಗೆ. ಹೆಸರಘಟ್ಟ ಇನ್ನೂ ಚಿಕ್ಕದು, ಅದನ್ನು ಸೇರಿಸಿದರೂ ಚಿತ್ರ ಬದಲಾಗುವುದಿಲ್ಲ.

'ಊರಿನ ಮೇಲೆ ಬೀಳುವ ಮಳೆಯೇ ಕಾವೇರಿಯಷ್ಟಿದೆ' ಎಂದು ಕೆಲವರು ವಾದಿಸುತ್ತಾರೆ. ಕಾಗದದ ಮೇಲೆ ಅದು ಹೆಚ್ಚುಕಡಿಮೆ ಸರಿಯೇ. 700 ಚದರ ಕಿಲೋಮೀಟರ್ ದಾಟಿದ ಊರು, ವರ್ಷಕ್ಕೆ 900 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಗುಣಿಸಿದರೆ 20 ಟಿಎಂಸಿ ಮೀರುತ್ತದೆ. ಆದರೆ ಅದು ಬೀಳುವುದು ಕೆಲವೇ ತಿಂಗಳಲ್ಲಿ. ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ನೆಲ ಕುಡಿಯುತ್ತದೆ. ಉಳಿದದ್ದನ್ನು ಬೇಸಿಗೆಯವರೆಗೆ ಇಡಲು ತಿಪ್ಪಗೊಂಡನಹಳ್ಳಿಯಂಥ ಜಲಾಶಯ ಎಷ್ಟು ಬೇಕು, ಅವಕ್ಕೆ ಜಾಗ ಎಲ್ಲಿದೆ? ಧರ್ಮಾಂಬುಧಿ ಈಗ ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಮನೆ ಮೇಲಿನ ಮಳೆ ನೀರನ್ನು ಹಿಡಿಯಿರಿ, ಇಂಗಿಸಿ, ಕಡ್ಡಾಯ ಮಾಡಿದ ಕಾನೂನೂ 2009ರಿಂದ ಇದೆ. ಅದು ಕಾವೇರಿಯ ಹೊರೆ ಇಳಿಸುತ್ತದೆ. ಕಾವೇರಿಯ ಜಾಗಕ್ಕೆ ಬರುವುದಿಲ್ಲ.

ಹಾಗಾದರೆ ಅರ್ಕಾವತಿ ಯಾಕೆ ಬತ್ತಿತು? ಹೂಳು ತುಂಬಿ ಅಲ್ಲ. ಹೂಳಿನಿಂದ ಪಾತ್ರೆ ಚಿಕ್ಕದಾಗುತ್ತದೆ, ನದಿ ಬತ್ತುವುದಿಲ್ಲ. ನಂದಿ ಬೆಟ್ಟದಿಂದ ತಿಪ್ಪಗೊಂಡನಹಳ್ಳಿವರೆಗಿನ ಬಯಲಿನಲ್ಲಿ ಬೋರ್‌ವೆಲ್‌ಗಳು ಆಳಕ್ಕಿಳಿದವು. ನೀಲಗಿರಿ ತೋಪು ಹಬ್ಬಿತು. ಹಳ್ಳಗಳಿಗೆ ಅಡ್ಡಗಟ್ಟೆ ಬಿದ್ದವು. ಅಂತರ್ಜಲ ಇಳಿದ ಮೇಲೆ ಮಳೆ ಬಂದರೂ ಒಣನೆಲವೇ ಅದನ್ನು ಕುಡಿಯುತ್ತದೆ, ಹಳ್ಳಕ್ಕೆ ಹರಿಯುವುದಿಲ್ಲ. ಇದನ್ನು ಬಿಟ್ಟು ಜೆಸಿಬಿ ತಂದು ಹೂಳೆತ್ತಿಸಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಹೂಳೆತ್ತಿದ ಮೂರನೇ ವರ್ಷ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಇನ್ನು ಜಲಮಂಡಳಿ ಹುಟ್ಟಿದ ಬಗೆ. 1941ರಲ್ಲಿ ಬೆಂಗಳೂರಿನ ಜನ ನಾಲ್ಕು ಲಕ್ಷ ಚಿಲ್ಲರೆ. 1951ಕ್ಕೆ ಎಂಟು ಲಕ್ಷದ ಹತ್ತಿರ. ಎಚ್ಎಎಲ್, ಐಟಿಐ ಕಾರ್ಖಾನೆಗಳು ಬಂದಿದ್ದವು, ಎಚ್ಎಂಟಿ, ಬಿಇಎಲ್ ಬರುವುದರಲ್ಲಿದ್ದವು. ಪೇಟೆಗೊಂದು, ದಂಡಿಗೊಂದು ಇದ್ದ ಆಡಳಿತ 1949ರಲ್ಲಿ ಒಂದೇ ನಗರಪಾಲಿಕೆಯಾಯಿತು. ಆದರೂ ನೀರು ತರುವವರು ಲೋಕೋಪಯೋಗಿ ಇಲಾಖೆಯವರು, ಬೀದಿಯಲ್ಲಿ ಹಂಚುವವರು ಪಾಲಿಕೆಯವರು. ನಲ್ಲಿಯಲ್ಲಿ ನೀರು ಬರದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಬಹುದಿತ್ತು. ಕಾವೇರಿಯಂಥ ದೊಡ್ಡ ಕೆಲಸ ಈ ಏರ್ಪಾಡಿನಲ್ಲಿ ನಡೆಯುತ್ತಿರಲಿಲ್ಲ. 1964ರಲ್ಲಿ ಕಾಯ್ದೆ ಬಂತು, ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. ಹತ್ತು ವರ್ಷದ ಮೇಲೆ, 1974ರಲ್ಲಿ ಮೊದಲ ಹಂತದ 135 ಎಂಎಲ್‌ಡಿ ಬಂತು. 80ರ ದಶಕದ ಆರಂಭದಲ್ಲಿ ಎರಡನೇ ಹಂತ, ಮತ್ತೆ 135. 90ರ ದಶಕದಲ್ಲಿ ಮೂರನೆಯದು, 270. 2002ರಲ್ಲಿ ಇನ್ನೊಂದು 270, 2012ರಲ್ಲಿ 500, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದ 775. ಪ್ರತಿ ಸಲವೂ 'ಇನ್ನು ಚಿಂತೆಯಿಲ್ಲ' ಎಂಬ ಭಾಷಣ ಆಗಿದೆ. ಪ್ರತಿ ಸಲವೂ ಊರು ನೀರಿಗಿಂತ ಮುಂದೆ ಓಡಿದೆ.

ಗುತ್ತಿಗೆದಾರರ ಮಾತು ಎತ್ತಿದ್ದೀರಿ. ದೊಡ್ಡ ಪೈಪು ಎಳೆಯುವಲ್ಲಿ ಇರುವ ಉತ್ಸಾಹ ಬೀದಿಯ ಸೋರಿಕೆ ಹಿಡಿಯುವಲ್ಲಿ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅಷ್ಟು ದೂರದಿಂದ ಎತ್ತಿ ತಂದ ನೀರು ಹಳೆಯ ಎರಕದ ಕಬ್ಬಿಣದ ಪೈಪಿನ ಜೋಡಣೆಯಲ್ಲಿ ಸೋರಿ ಮಣ್ಣಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನನ್ನ ನಿಜವಾದ ತಕರಾರು ಬೇರೆಯೇ ಇದೆ. ಅದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ. ಮಂಡಳಿಯ ಹೆಸರಿನ ಉತ್ತರಾರ್ಧ ನೋಡಿ: ಒಳಚರಂಡಿ. ಮನೆಗೆ ಬಂದ ನೀರಿನ ಹೆಚ್ಚುಪಾಲು, ಎಂಜಿನಿಯರುಗಳು ಹಾಕುವ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು, ಕೊಳಚೆಯಾಗಿ ಹೊರಗೆ ಹೋಗಲೇಬೇಕು. ಊರಿಗೆ 500 ಎಂಎಲ್‌ಡಿ ತಂದರೆ 400 ಎಂಎಲ್‌ಡಿ ಹೊರಹೋಗಲು ದಾರಿ ಮಾಡಬೇಕು. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ 70ರ ದಶಕದಲ್ಲಿ ಶುದ್ಧೀಕರಣ ಘಟಕ ಕಟ್ಟಿದವರಿಗೆ ಇದು ಗೊತ್ತಿತ್ತು. ಆಮೇಲೆ ನೀರಿನ ಪೈಪು ಮುಂದೆ ಹೋಯಿತು, ಯುಜಿಡಿ (ನೆಲದಡಿಯ ಒಳಚರಂಡಿ) ಹಿಂದೆ ಉಳಿಯಿತು. 2007ರಲ್ಲಿ ಪಾಲಿಕೆ ದೊಡ್ಡದಾಗಿ 110 ಹಳ್ಳಿಗಳು ಸೇರಿದಾಗ ಈ ಅಂತರ ಇನ್ನೂ ಹಿಗ್ಗಿತು. ಯುಜಿಡಿ ಇಲ್ಲದ ಕಡೆ ಕೊಳಚೆ ರಾಜಕಾಲುವೆ ಹಿಡಿಯಿತು, ರಾಜಕಾಲುವೆ ಕೆರೆಗೆ ತಂದು ಸುರಿಯಿತು. ಬೆಳ್ಳಂದೂರಿನ ನೊರೆ, ಬೆಂಕಿ ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಅದರಲ್ಲಿ ದೊಡ್ಡ ಪಾಲು ನಮ್ಮ ನಿಮ್ಮ ಬಚ್ಚಲು ದಾಟಿ ಹೋದ ಕಾವೇರಿಯೇ.

ಆದ್ದರಿಂದ ಕೆರೆ ಉಳಿಸಬೇಕು ಎನ್ನುವವರು ಮೊದಲು ಹೂಳಿನ ಬಗ್ಗೆ ಅಲ್ಲ, ಕೆರೆಗೆ ಬರುವ ಕೊಳಚೆಯ ಬಗ್ಗೆ ಕೇಳಬೇಕು. ನಿಮ್ಮ ಬಡಾವಣೆಯ ಯುಜಿಡಿ ಎಲ್ಲಿಗೆ ಸೇರುತ್ತದೆ? ಸೇರುತ್ತದೆಯೋ, ಮೋರಿಗೆ ಬಿಟ್ಟಿದ್ದಾರೋ? ವಾರ್ಡಿನ ಎಂಜಿನಿಯರ್ ಹತ್ತಿರ ನಕ್ಷೆ ಕೇಳಿ. ಅವರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಶುದ್ಧೀಕರಿಸಿದ ನೀರಿಗೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕು ಎನ್ನುವವರ ಪಕ್ಷ ನನ್ನದು. ಆ ನೀರನ್ನೇ ನಿಲ್ಲಿಸಿ ಎನ್ನುವವರದಲ್ಲ.

ಪ್ರಶ್ನೆ: ಕೆಆರ್‌ಎಸ್‌ನಿಂದ ನೇರವಾಗಿ ಕಾಲುವೆ ತೋಡಿದರೆ ಪಂಪಿನ ಖರ್ಚೇ ಇಲ್ಲವಲ್ಲ?

ಕೆಆರ್‌ಎಸ್ ತುಂಬಿದಾಗಲೂ ನೀರಿನ ಮಟ್ಟ ಸಮುದ್ರದಿಂದ ಸುಮಾರು 750 ಮೀಟರ್. ಬೆಂಗಳೂರು 900 ಮೀಟರ್ ದಾಟಿದೆ. ನೀರು ಹತ್ತುವುದಿಲ್ಲ. ಈಗ ನೀರು ತೆಗೆಯುವುದು ಕೆಆರ್‌ಎಸ್‌ಗಿಂತ ಇನ್ನೂ ಕೆಳಗಿರುವ ಶಿವ ಅಣೆಕಟ್ಟೆಯ ಬಳಿ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡುತ್ತಾರೆ. ಒಟ್ಟು ಹೆಡ್, ಅಂದರೆ ನೀರು ಎತ್ತಬೇಕಾದ ಎತ್ತರ, ಸುಮಾರು 500 ಮೀಟರ್. ಮಂಡಳಿಯ ಖರ್ಚಿನಲ್ಲಿ ಕರೆಂಟ್ ಬಿಲ್ಲಿನದೇ ಸಿಂಹಪಾಲು. ನೀರಿನ ದರ 2014ರ ನಂತರ 2025ರವರೆಗೆ ಏರಲೇ ಇಲ್ಲ. ಕರೆಂಟ್ ದರ ಅಷ್ಟು ವರ್ಷ ಸುಮ್ನೆ ಕೂತಿತ್ತೇ?

ಪ್ರಶ್ನೆ: ಬೆಂಗಳೂರು ಕಾವೇರಿ ಕಣಿವೆಯಲ್ಲೇ ಇಲ್ಲ, ನಮಗೆ ಹಕ್ಕಿಲ್ಲ ಎಂದು ಒಬ್ಬರು ಹೇಳಿದರು.

ಊರಿನ ಮೂರನೇ ಒಂದು ಭಾಗ ಮಾತ್ರ ಕಣಿವೆಯಲ್ಲಿದೆ ಎಂದು 2007ರಲ್ಲಿ ಕಾವೇರಿ ನ್ಯಾಯಮಂಡಳಿ ಹೇಳಿದ್ದು ಹೌದು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ಬದಿಗಿಟ್ಟು, ಕುಡಿಯುವ ನೀರಿನ ಹೆಸರಲ್ಲಿ ಬೆಂಗಳೂರಿಗೇ 4.75 ಟಿಎಂಸಿ ಹೆಚ್ಚುವರಿ ಕೊಟ್ಟಿತು. ನಿಮಗೆ ಹೇಳಿದವರ ಸುದ್ದಿ ಹಳೆಯದು.

ಪ್ರಶ್ನೆ: ಹಳೇ ಪೈಪಿನಲ್ಲಿ ಬರುವ ಕಾವೇರಿ ನೀರು ವಿಷ, ಆರ್‌ಓ ಹಾಕಿಸದಿದ್ದರೆ ಕಿಡ್ನಿ ಹೋಗುತ್ತದೆ ಎಂದು ಮನೆಗೆ ಬಂದವರು ಮೀಟರ್ ಅದ್ದಿ ತೋರಿಸಿದರು.

ಆ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣವನ್ನು. ವಿಷವನ್ನೂ ಅಲ್ಲ, ರೋಗಾಣುವನ್ನೂ ಅಲ್ಲ. ಕಾವೇರಿ ನೀರಿನಲ್ಲಿ ಲವಣವೇ ಕಡಿಮೆ. ಅದಕ್ಕೆ ಆರ್‌ಓ ಹಾಕಿ, ಶುದ್ಧವಾದ ನೀರಿಗಿಂತ ಜಾಸ್ತಿ ನೀರನ್ನು ಮೋರಿಗೆ ಬಿಡುವುದು ಪಾಪ. ಬೋರ್‌ವೆಲ್ ನೀರಿನ ವಿಷಯ ಬೇರೆ, ಅದನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿ ನಿರ್ಧರಿಸಿ. ಮಾರಾಟಗಾರನ ಮಾತು ಕೇಳಿ ಅಲ್ಲ. ಕಾವೇರಿ ನೀರಿಗೆ ಅಪಾಯ ಬರುವುದು ದಿನ ಬಿಟ್ಟು ದಿನ ನೀರು ಬಿಡುವ ಕಡೆ. ಪೈಪು ಖಾಲಿ ಇರುವಾಗ ಬಿರುಕಿನಿಂದ ಹೊರಗಿನ ಕೊಳಕು ಒಳಗೆ ಎಳೆಯುತ್ತದೆ. ಮೊದಲು ಬರುವ ನೀರು ಬಣ್ಣ ಅಥವಾ ವಾಸನೆ ಇದ್ದರೆ ಸಂಪಿಗೆ ಬಿಡಬೇಡಿ, ತಕ್ಷಣ ದೂರು ಕೊಡಿ. ಸಂಪ್ ತೊಳೆಸಿ. ಸಂಪಿನ ಪಕ್ಕದಲ್ಲೇ ಒಳಚರಂಡಿಯ ಛೇಂಬರ್ ಇದ್ದರೆ ಇನ್ನೂ ಎಚ್ಚರ. ನಾನಂತೂ ಸಂಪಿನ ನೀರನ್ನು ಕುದಿಸದೆ ಕುಡಿಯುವುದಿಲ್ಲ. ಕ್ಲೋರಿನ್ ವಾಸನೆ ಬಂದರೆ ಖುಷಿಪಡುತ್ತೇನೆ.

ಪ್ರಶ್ನೆ: ಬೋರ್‌ವೆಲ್ ಪಾಯಿಂಟ್ ನೋಡಲು ತೆಂಗಿನಕಾಯಿ ಹಿಡಿಯುವವರು ಸರಿಯಾ, ಬೇವಿನ ಕಡ್ಡಿ ಹಿಡಿಯುವವರಾ?

ಇಬ್ಬರೂ ಅಲ್ಲ. ಭೂವಿಜ್ಞಾನಿಯನ್ನು ಕರೆಸಿ. ಅವರು 'ಇಲ್ಲಿ ನೀರಿಲ್ಲ' ಎಂದರೆ ನಂಬಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಬರೀ ಬೋರ್‌ವೆಲ್. ಕಾವೇರಿ ಸಂಪರ್ಕವೇ ಇಲ್ಲ. ಆದರೂ ಮಂಡಳಿ ಒಳಚರಂಡಿ ಶುಲ್ಕ ಹಾಕುತ್ತದೆ. ಇದು ಅನ್ಯಾಯ ಅಲ್ವಾ?

ಬಳಸಿದ ನೀರು ಎಲ್ಲಿಗೆ ಬಿಡುತ್ತೀರಿ? ಮಂಡಳಿಯ ಮ್ಯಾನ್‌ಹೋಲಿಗೆ ತಾನೇ? ಕಟ್ಟಿ.