ಬೆಳೆಯುತ್ತಿರುವ ಚೀನಾದಂಥ ದೇಶದ ಪ್ರಭಾವ ಬೇರೆ ದೇಶಗಳಲ್ಲಿ ಹೇಗೆ ಬೇರೂರುತ್ತದೆ?

ಸೈನ್ಯಕ್ಕಿಂತ ಮೊದಲು ಸಾಲ, ಸರಕು ಬರುತ್ತವೆ. ಕಾರವಾರದವರಾದ ನಮಗೆ ಇದು ಹೊಸದಲ್ಲ. 1638ರಲ್ಲಿ ಇಂಗ್ಲಿಷರು ಇಲ್ಲಿ ವ್ಯಾಪಾರದ ಕೋಠಿ ತೆರೆದದ್ದು ಕಾಳುಮೆಣಸಿಗಾಗಿ.

ಶ್ರೀಲಂಕಾದ ಹಂಬನ್‌ತೋಟ ಬಂದರನ್ನೇ ನೋಡಿ. ಚೀನಾದ ಸಾಲದಲ್ಲಿ ಕಟ್ಟಿದ್ದು. ನಿರೀಕ್ಷಿಸಿದಷ್ಟು ಹಡಗುಗಳು ಬರಲಿಲ್ಲ. 2017ರಲ್ಲಿ ಸುಮಾರು 112 ಕೋಟಿ ಡಾಲರ್‌ಗೆ ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಹೋಯಿತು. ಸಾಲ ತೀರಿಸದ್ದಕ್ಕೆ ಬಂದರನ್ನೇ ಕಿತ್ತುಕೊಂಡರು ಎಂಬ ಮಾತು ಪೂರ್ತಿ ನಿಜವಲ್ಲ. ಆ ಹಣ ಸೇರಿದ್ದು ಬರಿದಾಗುತ್ತಿದ್ದ ವಿದೇಶಿ ವಿನಿಮಯದ ಬೊಕ್ಕಸಕ್ಕೆ. ಬಂದರಿನ ಸಾಲ ಹಾಗೆಯೇ ಉಳಿಯಿತು. ಪ್ರಭಾವ ಕಣ್ಣಿಗೆ ಕಂಡದ್ದು 2022ರ ಆಗಸ್ಟ್‌ನಲ್ಲಿ. ಭಾರತದ ಆತಂಕ ಕಂಡು, ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಈ ಬಂದರಿಗೆ ಬರುವುದನ್ನು ಮುಂದೂಡಿ ಎಂದು ಚೀನಾವನ್ನು ಕೇಳಿದ್ದ ಶ್ರೀಲಂಕಾ ಸರ್ಕಾರ, ಕೆಲವೇ ದಿನಗಳಲ್ಲಿ ಅನುಮತಿ ಕೊಟ್ಟಿತು.

ನಮ್ಮ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಅಗ್ಗವೆಂದು ದೋಣಿಗೆ ಚೀನಾ ಎಂಜಿನ್ ಕೂರಿಸಿಕೊಂಡವರನ್ನು ಕೇಳಿ, ಬಿಡಿಭಾಗಕ್ಕೆ ಯಾರ ದಾರಿ ಕಾಯಬೇಕೆಂದು ಹೇಳುತ್ತಾರೆ.