ಬೆನ್ನು ತಟ್ಟಿದವರು, ಬೆನ್ನಿಗೆ ನಿಂತವರು

ಪ್ರಶ್ನೆ: ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಅಧ್ಯಾಪಕಿ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಇಂಗ್ಲಿಷಿನಲ್ಲಿ ಕೃತಜ್ಞತೆಯ ಪತ್ರ ಬರೆಯಬೇಕಿದೆ. ‘ಕೈಂಡ್’, ‘ಸಪೋರ್ಟಿವ್’, ‘ಎನ್‌ಕರೇಜಿಂಗ್’ ಮೂರನ್ನೂ ಬರೆದು ಹೊಡೆದುಹಾಕಿದೆ. ಇವುಗಳಲ್ಲಿ ವ್ಯತ್ಯಾಸವಿದೆಯೇ? ‘ಯೂ ವರ್ ಕೈಂಡ್ ಆಫ್ ಮಿ’ ಎಂದರೆ ಸರಿಯೇ?

ಉತ್ತರ: ವ್ಯತ್ಯಾಸವಿದೆ, ಅದು ನಿಮಗೆ ಕನ್ನಡದಲ್ಲಿ ಆಗಲೇ ಗೊತ್ತಿದೆ. ಬೆನ್ನು ತಟ್ಟುವುದು ಬೇರೆ, ಬೆನ್ನಿಗೆ ನಿಲ್ಲುವುದು ಬೇರೆ. ‘ನಿನ್ನಿಂದ ಆಗುತ್ತದೆ, ಬರೆ’ ಎಂದು ಹುರಿದುಂಬಿಸಿದವರು ‘ಎನ್‌ಕರೇಜಿಂಗ್’. ನೀವು ಬರೆದದ್ದನ್ನು ನಾಲ್ವರು ತೆಗಳಿದಾಗ ನಿಮ್ಮ ಪರವಾಗಿ ಮಾತನಾಡಿದವರು, ಕೆಲಸ ಕುಂಟಿದ ತಿಂಗಳುಗಳಲ್ಲಿ ಕೈಬಿಡದವರು ‘ಸಪೋರ್ಟಿವ್’. ಈ ಪದದ ಲ್ಯಾಟಿನ್ ಮೂಲಕ್ಕೆ ಕೆಳಗಿನಿಂದ ಹೊರುವುದು ಎಂಬ ಅರ್ಥವಿದೆ. ನಮ್ಮ ‘ಹೆಗಲು ಕೊಡು’ ಅದಕ್ಕೆ ಬಹಳ ಹತ್ತಿರ.

‘ಎನ್‌ಕರೇಜ್’ ಎಂಬುದರ ಒಳಗೆ ‘ಕರೇಜ್’ ಇದೆ. ಅದು ಹುಟ್ಟಿದ್ದು ಹೃದಯ ಎಂಬರ್ಥದ ಲ್ಯಾಟಿನ್ ಪದದಿಂದ. ಎದೆಯಿಂದ ಎದೆಗಾರಿಕೆ ಬಂದ ಹಾಗೆಯೇ! ಎದೆಗುಂದಿದವರಲ್ಲಿ ಮತ್ತೆ ಎದೆ ತುಂಬುವುದು ಎಂದು ಅರ್ಥ ಮಾಡಿಕೊಂಡರೆ ಈ ಪದವನ್ನು ತಪ್ಪಾಗಿ ಬಳಸಲು ಮನಸ್ಸೇ ಬರುವುದಿಲ್ಲ. ಒಂದು ಎಚ್ಚರಿಕೆ: ‘ಎನ್‌ಕರೇಜಿಂಗ್’ ಎಂದರೆ ಧೈರ್ಯ ಕೊಡುವವರು, ‘ಎನ್‌ಕರೇಜ್ಡ್’ ಎಂದರೆ ಧೈರ್ಯ ಪಡೆದವರು. ಪತ್ರದಲ್ಲಿ ಮೊದಲನೆಯದು ಅವರು, ಎರಡನೆಯದು ನೀವು. ಸುದ್ದಿ, ಫಲಿತಾಂಶಗಳಿಗೂ ‘ಎನ್‌ಕರೇಜಿಂಗ್’ ಸಲ್ಲುತ್ತದೆ.

‘ಕೈಂಡ್’ ಇವೆರಡಕ್ಕಿಂತ ವಿಶಾಲವಾದದ್ದು. ನಿಮ್ಮ ಸಂಶೋಧನೆಯಲ್ಲಿ ಏನೇನೂ ಆಸಕ್ತಿ ಇಲ್ಲದವರೂ ನಿಮ್ಮ ಬಗ್ಗೆ ‘ಕೈಂಡ್’ ಆಗಿರಬಲ್ಲರು. ಅದು ಸ್ವಭಾವದ ಮಾತು. ನೀವು ಕೇಳಿದ ವಾಕ್ಯ ಮಾತ್ರ ತಪ್ಪು. ‘ನನ್ನ ಬಗ್ಗೆ’ ಎನ್ನಲು ‘ಕೈಂಡ್ ಟು ಮಿ’ ಎಂದೇ ಬರೆಯಬೇಕು. ‘ಆಫ್’ ಬರುವುದು ದಯೆ ತೋರಿದವರ ಜೊತೆಗೆ: ‘ಇಟ್ ವಾಸ್ ಕೈಂಡ್ ಆಫ್ ಯೂ’. ಸಾಲದ್ದಕ್ಕೆ, ಆಡುಮಾತಿನ ‘ಕೈಂಡ್ ಆಫ್’ ಎಂಬುದಕ್ಕೆ ‘ಒಂದು ರೀತಿಯಲ್ಲಿ’ ಎಂಬ ಅರ್ಥವೂ ಇರುವುದರಿಂದ ನಿಮ್ಮ ವಾಕ್ಯ ಓದಿದವರಿಗೆ ಗೊಂದಲವಾದೀತು.

‘ನೈಸ್’ ಬೇಡ. ಅದು ಕೆಟ್ಟ ಪದವಲ್ಲ, ಆದರೆ ಎಲ್ಲಕ್ಕೂ ಬಳಕೆಯಾಗಿ ಸವೆದಿದೆ. ವರ್ಷಗಟ್ಟಲೆ ನಿಮ್ಮನ್ನು ತಿದ್ದಿದವರಿಗೆ ಅದು ತೀರಾ ಕಡಿಮೆಯಾಯಿತು.

ನನ್ನನ್ನು ಕೇಳಿದರೆ, ಗುಣವಾಚಕವನ್ನೇ ಬಿಟ್ಟು ಕ್ರಿಯಾಪದ ಹಿಡಿಯಿರಿ. ‘ನೀವು ಎನ್‌ಕರೇಜಿಂಗ್’ ಎನ್ನುವುದು ಯಾರಿಗಾದರೂ ಬರೆಯಬಹುದಾದ ಸಾಲು. ಅವರು ಯಾವ ದಿನ, ಯಾವ ಕೆಲಸಕ್ಕೆ ನಿಮ್ಮನ್ನು ಹುರಿದುಂಬಿಸಿದರು ಎಂಬುದು ಅವರಿಗೆ ಮಾತ್ರ ಬರೆಯಬಹುದಾದದ್ದು. ‘ಎನ್‌ಕರೇಜ್ಡ್ ಮಿ’ ಆದ ಮೇಲೆ ‘ಟು’ ಹಾಕಿ ಕ್ರಿಯಾಪದ ಬರೆಯಿರಿ. ‘ಫಾರ್ ರೈಟಿಂಗ್’ ಅಲ್ಲ, ‘ಟು ರೈಟ್’. ಮುಂದಿನದನ್ನು ನಿಮ್ಮ ನೆನಪೇ ಬರೆಸುತ್ತದೆ: ತಿರಸ್ಕೃತವಾದ ಲೇಖನವೋ, ಮೂರು ಸಲ ತಿದ್ದಿಸಿದ ಅಧ್ಯಾಯವೋ, ವೇದಿಕೆ ಹತ್ತುವ ಮುನ್ನ ಅವರು ಆಡಿದ ಒಂದು ಮಾತೋ.