ದಡ ನ್ಯೂಜೆರ್ಸಿಯದು, ನೀರು ಡೆಲವೇರ್‌ದು

ಕ್ರೌನ್ ಲ್ಯಾಂಡಿಂಗ್ ಎಲ್‌ಎನ್‌ಜಿ (ದ್ರವ ನೈಸರ್ಗಿಕ ಅನಿಲ) ಟರ್ಮಿನಲ್ ಅಮೆರಿಕದ ನ್ಯೂಜೆರ್ಸಿ ರಾಜ್ಯದ್ದಾದರೆ ಪಕ್ಕದ ಡೆಲವೇರ್ ರಾಜ್ಯ ಹೇಗೆ ತಡೆಯಿತು ಅಂತ ಕೇಳಿದ್ದೀರಿ. ಗಡಿ ಅವೆರಡರ ನಡುವಿನ ಡೆಲವೇರ್ ನದಿಯ ಮಧ್ಯೆ ಇರುತ್ತೆ ಅಂದುಕೊಳ್ಳೋದು ಸಹಜ, ಅಲ್ಲಿ ಹಾಗಿಲ್ಲ ಸಾರ್. ಡೆಲವೇರ್‌ನ ನ್ಯೂಕ್ಯಾಸಲ್ ಊರಿನ ಸುತ್ತ 12 ಮೈಲಿಯೊಳಗೆ ಡೆಲವೇರ್ ಗಡಿ ನದಿ ದಾಟಿ, ಆಚೆ ದಡದಲ್ಲಿ ಇಳಿತದ ನೀರು ನಿಲ್ಲೋ ಗೆರೆವರೆಗೂ ಹೋಗುತ್ತೆ. ಟರ್ಮಿನಲ್ ಕಟ್ಟಲು ಹೊರಟಿದ್ದ ತೈಲ ಕಂಪನಿ ಬಿಪಿಯವರ ಟ್ಯಾಂಕ್‌ಗಳು ನ್ಯೂಜೆರ್ಸಿ ನೆಲದಲ್ಲಿ ಬರಬೇಕಿತ್ತು, ಸರಿ. ಆದರೆ ಹಡಗು ನಿಲ್ಲೋ ಜೆಟ್ಟಿ ಸುಮಾರು 2,000 ಅಡಿ ಡೆಲವೇರ್ ನೀರಿನೊಳಗೆ! ಡೆಲವೇರ್‌ನ 1971ರ ಕರಾವಳಿ ಕಾಯ್ದೆ ಅಂಥದ್ದಕ್ಕೆ ಬಿಡಲ್ಲ.

ಜಗಳ ಎಷ್ಟಕ್ಕೆ ಹೋಯ್ತೆಂದರೆ, ನ್ಯೂಜೆರ್ಸಿಯ ಶಾಸಕರೊಬ್ಬರು ಮ್ಯೂಸಿಯಂನಲ್ಲಿದ್ದ ಹಳೇ ಯುದ್ಧನೌಕೆಯನ್ನು ಮತ್ತೆ ಇಳಿಸಬಹುದಾ ಅಂತ ವಿಚಾರಿಸಿದ್ದರಂತೆ.

ಎರಡೂ ರಾಜ್ಯಗಳ 1905ರ ಒಪ್ಪಂದದ ಪ್ರಕಾರ ದಡದ ಹಕ್ಕು ನಮ್ಮದೇ ಎಂದು ನ್ಯೂಜೆರ್ಸಿ ವಾದಿಸಿತು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಇದು ಮಾಮೂಲಿ ಜೆಟ್ಟಿಯಲ್ಲ, ಡೆಲವೇರ್ ತಡೆಯಬಹುದು.